ಬಣ್ಣದ ಅಡಿಯ ನೀರು: ಒಣನಾಡಿನ ಹಳೆಯ ಕಾರು ಕಡಲು ದಾಟುವಾಗ

ವಾಹನದ ಮೈಮೇಲಿನ ಬಣ್ಣವು ಅಂದಕ್ಕಾಗಿ ಬಳಿದದ್ದೆಂದು ಮೇಲುನೋಟಕ್ಕೆ ತೋರಿದರೂ, ಉಕ್ಕಿನ ತಗಡಿಗೂ ಹೊರಗಿನ ಹವೆಗೂ ನಡುವೆ ನಿಂತು ನೀರು, ಲವಣ ಮತ್ತು ಬೆಳಕನ್ನು ತಡೆಹಿಡಿಯುವುದೇ ಅದರ ಮುಖ್ಯ ಕೆಲಸ. ಈ ತಡೆ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಬಣ್ಣದ ಗುಣಮಟ್ಟವೊಂದೇ ನಿರ್ಧರಿಸುವುದಿಲ್ಲ. ವಾಹನ ನಿಂತಿರುವ ನೆಲದ ಬಿಸಿಲು, ಗಾಳಿಯ ತೇವ, ಅದನ್ನು ತೊಳೆಯುವ ನೀರು, ತಗಡಿನ ಒಳಮಗ್ಗುಲಿನ ಸ್ಥಿತಿ ಎಲ್ಲವೂ ಸೇರಿ ನಿರ್ಧರಿಸುತ್ತವೆ. ಆದ್ದರಿಂದಲೇ ಒಂದು ಹವೆಯಲ್ಲಿ ದಶಕಗಟ್ಟಲೆ ನೆಟ್ಟಗೆ ನಿಂತ ಬಣ್ಣವು ಮತ್ತೊಂದು ಹವೆಗೆ ಸಾಗಿದ ಕೆಲವೇ ವಾರಗಳಲ್ಲಿ ಗುಳ್ಳೆ ಎದ್ದು, ಮಬ್ಬಾಗಿ, ಸಿಪ್ಪೆಯಂತೆ ಬಿಡುವುದುಂಟು.

ಈ ವಿದ್ಯಮಾನವನ್ನು ಪರಿಶೀಲಿಸಲು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಂಥ ಊರು ತಕ್ಕ ನೆಲೆಯಾಗಿದೆ. ರೇಷ್ಮೆ ಸೀರೆಗಳ ನೇಯ್ಗೆಗೆ ಹೆಸರಾದ ಈ ಊರು, ಮಧುಗಿರಿ ಮತ್ತು ಶಿರಾ ತಾಲ್ಲೂಕುಗಳಂತೆಯೇ, ಮಳೆ ಕಡಿಮೆಯಾದ, ಬಿಸಿಲು ತೀಕ್ಷ್ಣವಾದ, ಕಡಲಿನಿಂದ ಬಹುದೂರ ಉಳಿದ ಒಣನಾಡಿನಲ್ಲಿದೆ. ಇಂಥ ಊರಿನ ಷೆಡ್ಡೊಂದರಲ್ಲಿ ನಿಂತ ಹಳೆಯ ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರನ್ನು ವಿದೇಶದಲ್ಲಿ ನೆಲೆಸಿದ ಕುಟುಂಬವೊಂದು ಹಡಗಿನಲ್ಲಿ ತರಿಸಿಕೊಳ್ಳುತ್ತದೆ ಎಂದು ಭಾವಿಸಿದರೆ, ಅದರ ಬಣ್ಣ ಎದುರಿಸಬೇಕಾದ ಪರೀಕ್ಷೆಗಳು ಯಾವುವು ಎಂಬುದು ಈ ಅಧ್ಯಾಯದ ವಿಷಯ. ಹಡಗು ಇಳಿದ ಮೇಲೆ ಕಾಣುವ ಹಾನಿಯ ದೊಡ್ಡ ಪಾಲು ಹಡಗು ಹತ್ತುವ ಮೊದಲೇ ಬಣ್ಣದ ಅಡಿಯಲ್ಲಿ ಬೇರು ಬಿಟ್ಟಿರುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗುವುದು.

ಪದರಗಳ ರಚನೆ

ಯಾವುದೇ ಬಣ್ಣದಲ್ಲಿ ಮೂರು ಮುಖ್ಯ ಘಟಕಗಳಿರುತ್ತವೆ: ಬಣ್ಣ ಕೊಡುವ ನುಣುಪಾದ ಪುಡಿಯಾದ ವರ್ಣದ್ರವ್ಯ, ಆ ಪುಡಿಯನ್ನು ಹಿಡಿದಿಟ್ಟು ತಗಡಿಗೆ ಅಂಟಿಕೊಳ್ಳುವ ಬಂಧಕ ರಾಳ, ಮತ್ತು ಬಳಿಯಲು ಅನುಕೂಲವಾಗುವಂತೆ ರಾಳವನ್ನು ತೆಳುವಾಗಿಸಿ ಬಳಿಕ ಆರಿಹೋಗುವ ದ್ರಾವಕ. ಮೊದಲ ತಲೆಮಾರಿನ ಕಾರುಗಳಿಗೆ ಎಣ್ಣೆ ಆಧಾರಿತ ವಾರ್ನಿಷನ್ನು ಕುಂಚದಿಂದ ಪದರಪದರವಾಗಿ ಬಳಿಯುತ್ತಿದ್ದುದರಿಂದ ಒಂದು ಕಾರಿನ ಬಣ್ಣ ಪೂರ್ತಿ ಒಣಗಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಡ್ಯೂಕೋ ಎಂಬ ಹೆಸರಿನಲ್ಲಿ ತಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಈ ಅವಧಿಯನ್ನು ಗಂಟೆಗಳಿಗೆ ಇಳಿಸಿತು. ಹತ್ತಿಯಂಥ ಸಸ್ಯನಾರಿನ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಿಂದ ಮಾರ್ಪಡಿಸಿ ಪಡೆದ ಈ ರಾಳವು ದ್ರಾವಕ ಆರಿದಂತೆ ತಾನೇ ಗಟ್ಟಿಯಾಗುತ್ತದೆ. ಆ ಬಳಿಕ ಎಣ್ಣೆ ಮತ್ತು ಕೃತಕ ರಾಳಗಳನ್ನು ಬೆಸೆದ ಆಲ್ಕಿಡ್ ಎನಾಮೆಲ್‌ಗಳೂ, ಅಕ್ರಿಲಿಕ್ ಲ್ಯಾಕರ್‌ಗಳೂ, ಎರಡು ದ್ರವಗಳನ್ನು ಬೆರೆಸಿದಾಗ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವ ಪಾಲಿಯುರೆಥೇನ್ ಬಣ್ಣಗಳೂ ಬಂದವು. ಇಂದಿನ ಗ್ಯಾರೇಜುಗಳಲ್ಲಿ ‘ಪಿಯು ಪೇಂಟ್’ ಎನ್ನುವುದು ಈ ಕೊನೆಯ ಬಗೆಯನ್ನೇ.

ಕರ್ನಾಟಕಕ್ಕೆ ಈ ರಸಾಯನಶಾಸ್ತ್ರ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಆರಂಭವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್, ಚುನಾವಣೆಯ ಅಳಿಸಲಾಗದ ಶಾಯಿಗೆ ಪ್ರಸಿದ್ಧವಾಗಿದ್ದರೂ ಅದರ ಮೂಲ ಅರಗಿನಲ್ಲಿದೆ. ಕೀಟಗಳು ಮರದ ರೆಂಬೆಗಳ ಮೇಲೆ ಸ್ರವಿಸುವ ಅರಗನ್ನು ಶುದ್ಧಗೊಳಿಸಿ ಪಡೆಯುವ ಷೆಲ್ಲಾಕ್ ಒಳ್ಳೆಯ ಮೆರುಗು ಕೊಡುವ ವಸ್ತುವಾದರೂ ತೇವ ತಗುಲಿದರೆ ಬೆಳ್ಳಗಾಗುತ್ತದೆ. ಪದರದೊಳಗೆ ಸೇರಿದ ತೇವವು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಈ ಬಿಳಿಮಬ್ಬು ಉಂಟಾಗುತ್ತದೆ. ಹಡಗಿನಿಂದ ಇಳಿದ ಲ್ಯಾಕರ್ ಬಣ್ಣದ ಕಾರುಗಳ ಮೇಲೆ ಕಾಣುವ ಹಾಲಿನಂಥ ಮಸುಕಿನ ಹಿಂದೆಯೂ ಬಹುಮಟ್ಟಿಗೆ ಇದೇ ತತ್ವ ಕೆಲಸ ಮಾಡಿರುತ್ತದೆ.

ಇಂದಿನ ಕಾರಿನ ಬಣ್ಣದಲ್ಲಿ ಸಾಮಾನ್ಯವಾಗಿ ನಾಲ್ಕು ಪದರಗಳಿದ್ದು, ಅವೆಲ್ಲ ಸೇರಿದರೂ ದಪ್ಪ 100ರಿಂದ 150 ಮೈಕ್ರಾನ್ ಮೀರುವುದು ಕಡಿಮೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ತಗಡಿಗೆ ತಾಗಿದ ಮೊದಲ ಪದರವನ್ನು ವಿದ್ಯುಲ್ಲೇಪನ ವಿಧಾನದಿಂದ ಕೊಡಲಾಗುತ್ತದೆ: ಕಾರಿನ ಇಡೀ ಒಡಲನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಾಗ, ರಾಳದ ಕಣಗಳು ತಗಡಿನತ್ತ ಸೆಳೆಯಲ್ಪಟ್ಟು, ಕೈಗೆಟುಕದ ಟೊಳ್ಳುಗಳ ಒಳಗೋಡೆಗೂ ಅಂಟಿಕೊಳ್ಳುತ್ತವೆ. ಅದರ ಮೇಲೆ ಪ್ರೈಮರ್, ಬಣ್ಣದ ಪದರ, ಕೊನೆಗೆ ಪಾರದರ್ಶಕವಾದ ಕ್ಲಿಯರ್ ಕೋಟ್ ಬರುತ್ತವೆ. ಪಾವಗಡದ ಪೂರ್ವಕ್ಕೆ, ಆಂಧ್ರಪ್ರದೇಶದ ಪೆನುಕೊಂಡ ಬಳಿಯ ಎರ್ರಮಂಚಿಯಲ್ಲಿ 2019ರಲ್ಲಿ ಉತ್ಪಾದನೆ ಆರಂಭಿಸಿದ ಕಿಯಾ ಕಾರ್ಖಾನೆಯಿಂದ ಪರದೇಶಗಳಿಗೆ ಹೋಗುವ ಹೊಸ ಕಾರುಗಳಿಗೆ ಈ ರಕ್ಷಣೆ ಉಂಟು. ಆದರೆ ವಿದ್ಯುಲ್ಲೇಪನವು 1960ರ ದಶಕದಲ್ಲಿ ಆರಂಭವಾಗಿ, ಇಂದಿನ ಸುಧಾರಿತ ರೂಪದಲ್ಲಿ 1970ರ ದಶಕದ ನಡುವಿನಿಂದಷ್ಟೇ ಹರಡಿದ್ದರಿಂದ, ಅದಕ್ಕೆ ಹಿಂದಿನ ಕಾರುಗಳ ಬಾಗಿಲು, ಫುಟ್‌ಬೋರ್ಡಿನ ಕೆಳಗಿನ ಪೆಟ್ಟಿಗೆ ಮತ್ತು ಕಂಬಗಳ ಒಳಭಾಗ ಬಹುತೇಕ ಬರಿಯ ಉಕ್ಕಾಗಿಯೇ ಉಳಿದಿರುತ್ತದೆ. ಒಂದೇ ಸಮುದ್ರ, ಒಂದೇ ಹಡಗು ಆದರೂ ಹೊಸ ಕಾರು ಮತ್ತು ಹಳೆಯ ಕಾರು ಎದುರಿಸುವ ಅಪಾಯ ಬೇರೆಬೇರೆಯಾಗುವುದಕ್ಕೆ ಇದು ಮೊದಲ ಕಾರಣ.

ಬಿಸಿಲು ಬಿಡಿಸುವ ಬಂಧಗಳು

ಪಾವಗಡದ ಬಿಸಿಲಿನ ಪ್ರಮಾಣಕ್ಕೆ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಸಾಕ್ಷಿ. ವಿದ್ಯುತ್ತಾಗಿ ಮಾರ್ಪಡುವ ಈ ಬೆಳಕಿನೊಂದಿಗೇ, 400 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ನೇರಳಾತೀತ ಕಿರಣಗಳೂ ನೆಲಕ್ಕೆ ತಲುಪುತ್ತವೆ. ಈ ಕಿರಣಗಳ ಒಂದೊಂದು ಕಣವೂ ರಾಳದ ಅಣುಸರಪಳಿಯ ಬಂಧಗಳನ್ನು ಮುರಿಯುವಷ್ಟು ಶಕ್ತಿ ಹೊಂದಿದ್ದು, ಮುರಿದ ತುದಿಗಳು ಗಾಳಿಯ ಆಮ್ಲಜನಕದೊಡನೆ ಕೂಡಿ ಮತ್ತಷ್ಟು ಬಂಧಗಳನ್ನು ಒಡೆಯುವ ಸರಣಿ ಕ್ರಿಯೆಗೆ ಎಡೆಮಾಡಿಕೊಡುತ್ತವೆ. ರಾಳ ಕ್ಷೀಣಿಸಿದಾಗ ಹಿಡಿತ ತಪ್ಪಿದ ವರ್ಣದ್ರವ್ಯವು ಮೇಲ್ಮೈಗೆ ಬಂದು, ಬೆರಳಿನಿಂದ ಉಜ್ಜಿದರೆ ಸೀಮೆಸುಣ್ಣದ ಪುಡಿಯ ಹಾಗೆ ಅಂಟಿಕೊಳ್ಳುತ್ತದೆ. ಬಿಳಿ ಬಣ್ಣಕ್ಕೆ ಬಳಸುವ ಟೈಟೇನಿಯಂ ಡೈಆಕ್ಸೈಡ್ ನೇರಳಾತೀತ ಕಿರಣವನ್ನು ಹೀರಿ ತನ್ನ ಸುತ್ತಲಿನ ರಾಳದ ವಿಘಟನೆಯನ್ನು ಚುರುಕುಗೊಳಿಸಬಲ್ಲದಾದ್ದರಿಂದ, ಈಚಿನ ಬಣ್ಣಗಳಲ್ಲಿ ಅದರ ಕಣಗಳಿಗೆ ರಕ್ಷಕ ಲೇಪ ಕೊಟ್ಟಿರುತ್ತಾರೆ. ಹಳೆಯ ಬಣ್ಣಗಳಿಗೆ ಆ ಅನುಕೂಲ ಕಡಿಮೆ.

ಬೆಳಕಿನ ಜೊತೆಗೆ ಶಾಖವೂ ಕೆಲಸ ಮಾಡುತ್ತದೆ. ಕಡುಬಣ್ಣದ ಬಾನೆಟ್ ಬಿಸಿಲಿನಲ್ಲಿ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಇರುಳಿನಲ್ಲಿ ಅದೇ ತಗಡು 20 ಡಿಗ್ರಿಗೆ ತಣಿದರೆ, ಒಂದು ಮೀಟರ್ ಉದ್ದದ ಉಕ್ಕು ಸುಮಾರು 0.6 ಮಿಲಿಮೀಟರ್ ಕುಗ್ಗುತ್ತದೆ, ಆದರೆ ಅದಕ್ಕೆ ಅಂಟಿದ ರಾಳವು ಬಿಡಿಯಾಗಿದ್ದರೆ ಅದರ ನಾಲ್ಕೈದು ಪಟ್ಟು ಕುಗ್ಗಬಯಸುವ ವಸ್ತು. ಹೊಸ ಬಣ್ಣ ಮೆತುವಾಗಿರುವುದರಿಂದ ಈ ಎಳೆತವನ್ನು ತಾಳಿಕೊಳ್ಳುತ್ತದೆ. ನೈಟ್ರೋಸೆಲ್ಯುಲೋಸ್ ಲ್ಯಾಕರಿನಲ್ಲಾದರೋ ಮೆತುತನ ಕೊಡಲು ಬೆರೆಸಿದ ವಸ್ತುಗಳು ವರ್ಷಗಳು ಕಳೆದಂತೆ ಆರಿಹೋಗಿ, ಪದರ ಪೆಡಸಾಗಿ, ಬರಿಗಣ್ಣಿಗೆ ಕಂಡೂ ಕಾಣದಂಥ ಸೂಕ್ಷ್ಮ ಬಿರುಕುಗಳ ಜಾಲ ಅದರ ಮೇಲೆ ಮೂಡುತ್ತದೆ.

ಇಷ್ಟಾದರೂ ಒಣನಾಡಿನಲ್ಲಿ ಉಕ್ಕು ಬೇಗ ತುಕ್ಕು ಹಿಡಿಯುವುದಿಲ್ಲ. ತುಕ್ಕು ವಿದ್ಯುತ್-ರಾಸಾಯನಿಕ ಕ್ರಿಯೆಯಾಗಿದ್ದು, ಕಬ್ಬಿಣದ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಅಯಾನುಗಳು ಸಾಗಲು ತೆಳುವಾದ ನೀರಿನ ಪೊರೆಯಾದರೂ ಬೇಕು. ಗಾಳಿಯು ಆಯಾ ಉಷ್ಣತೆಯಲ್ಲಿ ಹಿಡಿದಿಡಬಲ್ಲ ಗರಿಷ್ಠ ತೇವದಲ್ಲಿ ಎಷ್ಟು ಪಾಲು ಇದೆ ಎಂಬುದನ್ನು ಸಾಪೇಕ್ಷ ಆರ್ದ್ರತೆ ಎನ್ನುತ್ತಾರೆ. ಶುದ್ಧವಾದ ಉಕ್ಕಿನ ಮೇಲೆ ಈ ಪ್ರಮಾಣ ಸುಮಾರು ಶೇ. 60 ದಾಟುವವರೆಗೆ ತುಕ್ಕಿನ ವೇಗ ಅತ್ಯಲ್ಪ. ಹೀಗೆ ಪಾವಗಡದ ಹವೆಯು ಬಣ್ಣವನ್ನು ಬಿಸಿಲಿನಿಂದ ಬಿರುಕುಗೊಳಿಸಿದರೂ ಆ ಬಿರುಕಿನ ಪರಿಣಾಮವನ್ನು ತನ್ನ ಒಣಗುಣದಿಂದಲೇ ತಡೆದಿಟ್ಟಿರುತ್ತದೆ. ಬಾಗಿಲು ತೆರೆದಿದೆ, ಒಳನುಗ್ಗುವ ನೀರು ಮಾತ್ರ ಇನ್ನೂ ಬಂದಿಲ್ಲ.

ತೊಳೆದ ನೀರು ಉಳಿಸುವ ಲವಣ

ಪಾವಗಡ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂಬುದು ನಾಡಿಗೇ ತಿಳಿದ ಸಮಸ್ಯೆ. ಗಟ್ಟಿ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡಿನ ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಸೋಡಿಯಂ ಲವಣಗಳೂ ಕರಗಿರುತ್ತವೆ. ಇಂಥ ನೀರಿನಲ್ಲಿ ಕಾರು ತೊಳೆದು ಬಿಸಿಲಿನಲ್ಲಿ ಒಣಗಲು ಬಿಟ್ಟರೆ, ಹನಿಯ ನೀರು ಆರಿ ಲವಣವಷ್ಟೇ ಉಂಗುರದಾಕಾರದ ಕಲೆಯಾಗಿ ಉಳಿಯುತ್ತದೆ. ಮೇಲ್ಮೈಯ ಕಲೆಯನ್ನು ಒರೆಸಬಹುದು. ಆದರೆ ಬಾಗಿಲಿನ ಅಂಚು, ತಗಡುಗಳ ಬೆಸುಗೆಯ ಸಂದು, ಗಾಜಿನ ರಬ್ಬರಿನ ಅಡಿ ಮತ್ತು ಬಣ್ಣದ ಬಿರುಕುಗಳಲ್ಲಿ ಸೇರಿದ ಲವಣವು ಕೈಗೂ ಕಣ್ಣಿಗೂ ಸಿಗದೆ ವರ್ಷವರ್ಷವೂ ಬೆಳೆಯುತ್ತದೆ.

ಈ ಲವಣಗಳ ಒಂದು ಗುಣ ಮುಂದಿನ ಹಾನಿಗೆ ಕೀಲಕವಾಗಿದೆ. ಕೆಲವು ಲವಣಗಳು ಗಾಳಿಯ ಆರ್ದ್ರತೆ ಒಂದು ಮಟ್ಟ ಮೀರಿದೊಡನೆ ತೇವವನ್ನು ಹೀರಿ ಅದರಲ್ಲಿ ತಾವೇ ಕರಗಿ ದ್ರಾವಣವಾಗುತ್ತವೆ. ಅಡುಗೆ ಉಪ್ಪಾದ ಸೋಡಿಯಂ ಕ್ಲೋರೈಡಿಗೆ ಈ ಮಟ್ಟ ಸುಮಾರು ಶೇ. 75, ಮೆಗ್ನೀಸಿಯಂ ಕ್ಲೋರೈಡಿಗೆ ಕೇವಲ ಶೇ. 33. ಬೇಸಿಗೆಯ ಒಣ ಮಧ್ಯಾಹ್ನಗಳಲ್ಲಿ ಹರಳಾಗಿ ಸುಮ್ಮನಿರುವ ಈ ಲವಣಗಳು, ಆರ್ದ್ರತೆ ಹೆಚ್ಚಿರುವ ಕಡಲಿನ ಹವೆಯಲ್ಲಿ ಮಳೆ ಬೀಳದೆಯೂ, ಅಲೆಯ ಸಿಂಪರಣೆ ತಾಗದೆಯೂ ದ್ರವವಾಗಿ ಮಾರ್ಪಟ್ಟು ಉಕ್ಕನ್ನು ಸದಾ ಒದ್ದೆಯಾಗಿಡುತ್ತವೆ. ಕಡಲ ಗಾಳಿ ಹೊತ್ತು ತರುವ ಉಪ್ಪಿನಲ್ಲಿಯೂ ಮೆಗ್ನೀಸಿಯಂ ಕ್ಲೋರೈಡ್ ಇರುವುದರಿಂದ, ಒಮ್ಮೆ ಕೂತ ಕಡಲುಪ್ಪು ಅಡುಗೆ ಉಪ್ಪಿಗಿಂತ ಬೇಗ ಒದ್ದೆಯಾಗುತ್ತದೆ ಮತ್ತು ತಡವಾಗಿ ಒಣಗುತ್ತದೆ.

ಕಂಟೇನರಿನೊಳಗಿನ ಮಳೆ

ಕಾರುಗಳು ಕಡಲು ದಾಟುವ ಬಗೆ ಎರಡು. ಹೊಸ ಕಾರುಗಳನ್ನು ಬಹುವಾಗಿ, ವಾಹನಗಳನ್ನು ಓಡಿಸಿಕೊಂಡೇ ಒಳಗೆ ಒಯ್ಯುವ ರೋ-ರೋ ಹಡಗುಗಳಲ್ಲಿ ಸಾಗಿಸುತ್ತಾರೆ. ಬೆಲೆಬಾಳುವ ಹಳೆಯ ಕಾರುಗಳನ್ನು ಹೆಚ್ಚಾಗಿ ಉಕ್ಕಿನ ಕಂಟೇನರಿನಲ್ಲಿಟ್ಟು ಮುಚ್ಚುತ್ತಾರೆ. ಕಂಟೇನರು ದೂಳು, ಪೆಟ್ಟು ಮತ್ತು ಅಲೆಯ ನೀರಿನಿಂದ ರಕ್ಷಿಸುತ್ತದೆಯಾದರೂ ತನ್ನೊಳಗೆ ತಾನೇ ಒಂದು ಹವೆಯನ್ನು ಸೃಷ್ಟಿಸಿಕೊಳ್ಳುತ್ತದೆ.

ಮಂಗಳೂರಿನ ಪಣಂಬೂರಿನಲ್ಲೋ ಚೆನ್ನೈಯಲ್ಲೋ 30 ಡಿಗ್ರಿ ಉಷ್ಣತೆ ಮತ್ತು ಶೇ. 80 ಆರ್ದ್ರತೆಯಲ್ಲಿ ಬಾಗಿಲು ಮುಚ್ಚಿದ ಕಂಟೇನರನ್ನು ಪರಿಗಣಿಸಬಹುದು. ಆ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದಾದ್ದರಿಂದ, ಒಳಗಿರುವುದು ಘನ ಮೀಟರಿಗೆ ಸುಮಾರು 24 ಗ್ರಾಂ. ಹಡಗು ತಣ್ಣನೆಯ ಕಡಲಿಗೆ ಸಾಗಿ ಒಳಗಿನ ಗಾಳಿ 20 ಡಿಗ್ರಿಗೆ ಇಳಿದರೆ, ಅದರ ಗರಿಷ್ಠ ಸಾಮರ್ಥ್ಯ ಸುಮಾರು 17 ಗ್ರಾಮಿಗೆ ಕುಸಿದು, ಉಳಿದ 7 ಗ್ರಾಂ ನೀರಾಗಲೇಬೇಕು. ನಲವತ್ತು ಅಡಿ ಕಂಟೇನರಿನ ಸುಮಾರು 60 ಘನ ಮೀಟರ್ ಗಾಳಿಗೆ ಲೆಕ್ಕ ಹಾಕಿದರೆ ಇದು 400 ಗ್ರಾಮಿಗೂ ಮೀರುತ್ತದೆ. ತಳಕ್ಕೆ ಹಾಸಿದ ಮರದ ಹಲಗೆ ಮತ್ತು ಕಾರಿನ ಸೀಟು ಹೊರಬಿಡುವ ತೇವ ಇದಕ್ಕೆ ಸೇರಿಕೊಳ್ಳುತ್ತದೆ. ನೀರು ಮೊದಲು ಕೂರುವುದು ಎಲ್ಲಕ್ಕಿಂತ ಬೇಗ ತಣಿಯುವ ಉಕ್ಕಿನ ಚಾವಣಿಯ ಮೇಲೆ. ಅಲ್ಲಿಂದ ಅದು ಹನಿಹನಿಯಾಗಿ ಕಾರಿನ ಮೇಲೆ ಬೀಳುತ್ತದೆ. ಸಾಗಣೆ ವಲಯದಲ್ಲಿ ಇದಕ್ಕೆ ಕಂಟೇನರ್ ಮಳೆಯೆಂದೇ ಹೆಸರು. ಹಗಲು ಕಾದ ಚಾವಣಿ ಈ ನೀರನ್ನು ಆವಿಯಾಗಿಸಿ, ಇರುಳು ಮತ್ತೆ ಸುರಿಸುವುದರಿಂದ, ಪಯಣ ಮುಗಿಯುವವರೆಗೂ ಬಣ್ಣವು ಒದ್ದೆ ಮತ್ತು ಒಣಗಿನ ಚಕ್ರದಲ್ಲಿ ಸಿಕ್ಕಿರುತ್ತದೆ.

ಗುಳ್ಳೆ ಏಳುವ ಬಗೆ

ಬಣ್ಣದ ಯಾವ ಪದರವೂ ನೀರಿಗೆ ಪೂರ್ಣ ಅಭೇದ್ಯವಲ್ಲ. ನೀರಿನ ಅಣುಗಳು ರಾಳದ ಸರಪಳಿಗಳ ನಡುವಿನ ಎಡೆಯಲ್ಲಿ ನಿಧಾನವಾಗಿ ನುಸುಳುತ್ತಲೇ ಇರುತ್ತವೆ. ತಗಡು ಶುದ್ಧವಾಗಿದ್ದು ಬಣ್ಣ ಬಿಗಿಯಾಗಿ ಅಂಟಿದ್ದರೆ ಹೀಗೆ ಬಂದ ನೀರಿಗೆ ಸೇರಲು ಜಾಗವಿಲ್ಲದೆ, ಹವೆ ಒಣಗಿದಾಗ ಅದು ಹಿಂದಿರುಗುತ್ತದೆ. ಅಡಿಯಲ್ಲಿ ಲವಣವಿದ್ದರೆ ಪರಿಸ್ಥಿತಿ ಬದಲಾಗುತ್ತದೆ. ಆಗ ಬಣ್ಣದ ಪದರವು ನೀರನ್ನು ಬಿಟ್ಟು ಲವಣವನ್ನು ತಡೆಯುವ ಅರೆಪಾರಕ ಪೊರೆಯಾಗಿ ವರ್ತಿಸಿ, ಹೊರಗಿನ ತಿಳಿನೀರು ಒಳಗಿನ ಸಾಂದ್ರ ದ್ರಾವಣದತ್ತ ಸೆಳೆಯಲ್ಪಡುತ್ತದೆ. ಇದೇ ಅಭಿಸರಣೆ. ಪಾವಗಡದ ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಪಂಪಿನ ಒತ್ತಡದಿಂದ ಈ ಕ್ರಿಯೆಯನ್ನು ಹಿಮ್ಮುಖವಾಗಿ ನಡೆಸಿ ಲವಣದಿಂದ ನೀರನ್ನು ಬೇರ್ಪಡಿಸುತ್ತವೆ. ಬಣ್ಣದ ಅಡಿಯಲ್ಲಿ ಅದು ಸಹಜ ದಿಕ್ಕಿನಲ್ಲೇ ನಡೆದು, ಒತ್ತಡ ಹೆಚ್ಚಿಸಿ, ಪದರವನ್ನು ತಗಡಿನಿಂದ ಎಬ್ಬಿಸಿ ಗುಳ್ಳೆ ಮಾಡುತ್ತದೆ. ಒದ್ದೆ ಗೋಡೆಗೆ ಬಳಿದ ಸುಣ್ಣ ಹೊರಗಿನ ಪೆಟ್ಟಿಲ್ಲದೆಯೇ ಒಳಗಿನಿಂದ ಹಕ್ಕಳೆ ಎದ್ದು ಬೀಳುವಂತೆ, ಇಲ್ಲಿಯೂ ಹಾನಿಯ ಬಲ ಒಳಗಿನಿಂದಲೇ ಒತ್ತುತ್ತದೆ.

ಗುಳ್ಳೆಯೊಳಗಿನ ಉಪ್ಪುನೀರಿನಲ್ಲಿ ಕಬ್ಬಿಣ ಕರಗತೊಡಗಿದರೆ ಹಾನಿ ಎರಡನೆಯ ಹಂತ ತಲುಪುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ ಬಣ್ಣವನ್ನು ಮತ್ತಷ್ಟು ಎತ್ತುತ್ತದೆ, ಮತ್ತು ಎತ್ತಿದ ಅಂಚಿನ ಅಡಿಗೆ ಹೊಸ ನೀರು ಹರಿಯುತ್ತದೆ. ಅಂಚಿನ ಗೀರಿನಿಂದ ಹೊರಟು ಬಣ್ಣದ ಕೆಳಗೆ ದಾರದೆಳೆಯ ಹಾಗೆ ಅಂಕುಡೊಂಕಾಗಿ ಹರಿಯುವ ತುಕ್ಕಿನ ಗೆರೆಗಳೂ ಹೀಗೆಯೇ ಮುಂದುವರಿಯುತ್ತವೆ. ಹಳೆಯ ಕಾರುಗಳಲ್ಲಿ ಟಿಂಕರಿಂಗ್ ಮಾಡಿ ತಗ್ಗು ತುಂಬಿದ ಪಟ್ಟಿ ಇನ್ನೊಂದು ದುರ್ಬಲ ಬಿಂದು: ಪಾಲಿಯೆಸ್ಟರ್ ರಾಳಕ್ಕೆ ಬಳಪದ ಕಲ್ಲಿನ ಪುಡಿ ಬೆರೆಸಿದ ಈ ವಸ್ತುವಿನಲ್ಲಿ ಸೂಕ್ಷ್ಮ ರಂಧ್ರಗಳಿದ್ದು, ಬಣ್ಣ ಬಿರಿದ ಕಡೆ ಅದು ತೇವವನ್ನು ಹೀರಿ ತಗಡಿಗೆ ಮುಟ್ಟಿಸುತ್ತದೆ.

ಹೊದಿಕೆ, ಹಸಿಬಣ್ಣ, ಮಸಿ

ರಕ್ಷಣೆಗೆಂದು ಮಾಡಿದ ಕೆಲವು ಕ್ರಮಗಳೇ ಹಾನಿಗೆ ದಾರಿಯಾಗುವುದುಂಟು. ಒಣನಾಡಿನ ದೂಳಿನಲ್ಲಿ ಕ್ವಾರ್ಟ್ಜ್ ಕಣಗಳು ಹೇರಳವಾಗಿದ್ದು, ಗಡಸುತನದ ಮೋಸ್ ಮಾಪಕದಲ್ಲಿ 7ನೆಯ ಸ್ಥಾನದ ಈ ಖನಿಜ ಬಣ್ಣಕ್ಕಿಂತ ಎಷ್ಟೋ ಪಾಲು ಗಟ್ಟಿ. ದೂಳು ಕೂತ ಕಾರಿನ ಮೇಲೆ ಹೊದಿಕೆ ಬಿಗಿದರೆ, ಲಾರಿಯ ಕುಲುಕಾಟ ಮತ್ತು ಹಡಗಿನ ಓಲಾಟಕ್ಕೆ ಅದು ವಾರಗಟ್ಟಲೆ ಉಜ್ಜಿ ಮೂಲೆಗಳ ಬಣ್ಣವನ್ನು ಪ್ರೈಮರಿನವರೆಗೂ ಸವೆಸಬಲ್ಲದು. ಪ್ಲಾಸ್ಟಿಕ್ ಹೊದಿಕೆಯಾದರೆ ತೇವವನ್ನು ಹೊರಬಿಡದೆ ಬಣ್ಣಕ್ಕೆ ಒತ್ತಿಹಿಡಿದು ಬಿಳಿಮಬ್ಬನ್ನು ತರುತ್ತದೆ.

ಕಳುಹಿಸುವ ಸಡಗರದಲ್ಲಿ ಕೊನೆಗಳಿಗೆಯಲ್ಲಿ ಬಳಿಸಿದ ಹೊಸ ಬಣ್ಣವು ಇದಕ್ಕಿಂತ ಹೆಚ್ಚು ಅಪಾಯಕಾರಿ. ಕೈಗೆ ಒಣಗಿದಂತೆ ತೋರಿದರೂ ರಾಳದ ಬಂಧಗಳು ಪೂರ್ತಿ ಬೆಸೆದು ದ್ರಾವಕ ಸಂಪೂರ್ಣ ಆರಲು, ಒಲೆಯಲ್ಲಿ ಕಾಯಿಸದ ಗ್ಯಾರೇಜಿನ ಬಣ್ಣಕ್ಕೆ ವಾರಗಳೇ ಬೇಕು. ಅದಕ್ಕೆ ಮೊದಲೇ ಹೊದಿಕೆ ಹಾಕಿ ಬಿಸಿಯಾದ ಕಂಟೇನರಿನಲ್ಲಿ ಮುಚ್ಚಿದರೆ, ಸಿಕ್ಕಿಕೊಂಡ ದ್ರಾವಕವು ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ, ಮೆತ್ತನೆಯ ಮೇಲ್ಮೈಯಲ್ಲಿ ಬಟ್ಟೆಯ ನೇಯ್ಗೆಯೇ ಅಚ್ಚಾಗಿ ಉಳಿಯುತ್ತದೆ. ಹಡಗಿನ ಚಿಮಣಿಯ ಮಸಿಯೂ ತೆರೆದ ಜಾಗದಲ್ಲಿ ನಿಂತ ಕಾರಿನ ಮೇಲೆ ಆಮ್ಲೀಯ ಚುಕ್ಕೆಗಳನ್ನು ಮಾಡುತ್ತಿತ್ತು. ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು 2020ರ ಜನವರಿ 1ರಿಂದ ಶೇ. 3.5ರಿಂದ 0.5ಕ್ಕೆ ಇಳಿಸಿದ ಅಂತರರಾಷ್ಟ್ರೀಯ ನಿಯಮವು ಈ ಕಾರಣವನ್ನು ಬಹಳ ಮಟ್ಟಿಗೆ ತಗ್ಗಿಸಿದೆ.

ಹಾನಿಯ ಮೂಲವನ್ನು ಗುರುತಿಸುವುದು

ಹಾನಿ ಕಂಡಾಗ ಅದು ಸಾಗಣೆಯಲ್ಲಿ ಆದದ್ದೇ, ಕಾರಿನಲ್ಲೇ ಇದ್ದದ್ದೇ ಎಂಬ ಪ್ರಶ್ನೆ ಏಳುತ್ತದೆ. ಭಾರತದ 1963ರ ಸಾಗರ ವಿಮಾ ಕಾಯಿದೆಯ 55ನೆಯ ಪ್ರಕರಣದ ಪ್ರಕಾರ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಸಹಜ ಸವಕಳಿಗೂ ವಸ್ತುವಿನಲ್ಲೇ ಅಡಗಿದ ದೋಷಕ್ಕೂ ವಿಮಾದಾರ ಹೊಣೆಯಲ್ಲ. ನ್ಯಾಯಶಾಸ್ತ್ರ ಕೇಳುವ ಈ ಪ್ರಶ್ನೆಗೆ ಉತ್ತರ ಬಣ್ಣದ ಪದರಗಳಲ್ಲೇ ಸಿಗುತ್ತದೆ. ಗೀರಿನ ತಳದ ಉಕ್ಕು ಹೊಳೆಯುತ್ತಿದ್ದರೆ ಪೆಟ್ಟು ಈಚಿನದು. ತಳದಲ್ಲಿ ಕಂದು ತುಕ್ಕು ಪದರಗಟ್ಟಿದ್ದರೆ ಹಳೆಯದು. ಗುಳ್ಳೆಗಳು ಇಡೀ ಮೈಯಲ್ಲಿ ಹರಡದೆ ಪಟ್ಟಿ ತುಂಬಿದ ಜಾಗದಲ್ಲಷ್ಟೇ ಎದ್ದಿದ್ದರೆ ದೋಷ ಅಡಿಪದರದ್ದು. ಚಾವಣಿಯ ಹನಿ ಬಿದ್ದ ಸಾಲಿನಲ್ಲೇ ಕಲೆಗಳಿದ್ದರೆ ಅದು ಕಂಟೇನರ್ ಮಳೆಯ ಗುರುತು.

ಈ ತೀರ್ಮಾನಕ್ಕೆ ಪಯಣದ ಮೊದಲಿನ ದಾಖಲೆ ಅತ್ಯಗತ್ಯ. ಕಾಂತೀಯ ಪ್ರೇರಣೆಯಿಂದ ಕೆಲಸ ಮಾಡುವ ಕೈಮಾಪಕವನ್ನು ತಗಡಿನ ಮೇಲಿಟ್ಟರೆ ಬಣ್ಣದ ದಪ್ಪ ಮೈಕ್ರಾನುಗಳಲ್ಲಿ ತಿಳಿಯುತ್ತದೆ. ಬಾಗಿಲಿನ ಎಲ್ಲೆಡೆ 120 ಇದ್ದು ಒಂದು ಮೂಲೆಯಲ್ಲಿ ಮಾತ್ರ 900 ತೋರಿದರೆ ಅಲ್ಲಿ ಪಟ್ಟಿ ಇದೆಯೆಂದೇ ಅರ್ಥ. ಪ್ರತಿ ತಗಡಿನ ಅಳತೆಗಳನ್ನು ಚಿತ್ರಗಳೊಂದಿಗೆ ಬರೆದಿಟ್ಟರೆ ಮಾಲೀಕ, ಸಾಗಣೆದಾರ ಮತ್ತು ವಿಮಾದಾರರ ನಡುವಿನ ವಾದಕ್ಕೆ ವಸ್ತುನಿಷ್ಠ ಆಧಾರ ಒದಗುತ್ತದೆ.

ತಡೆಯುವ ಕ್ರಮ, ದುರಸ್ತಿಯ ಮಿತಿ

ಮೇಲಿನ ಕಾರಣಗಳಿಂದಲೇ ಪರಿಹಾರಗಳೂ ಹೊರಡುತ್ತವೆ. ಕಾರನ್ನು ಕೊನೆಯ ಬಾರಿ ಕೊಳವೆಬಾವಿಯ ನೀರಿನ ಬದಲು ಮಳೆನೀರು ಅಥವಾ ಶುದ್ಧೀಕರಿಸಿದ ನೀರಿನಲ್ಲಿ, ಸಂದುಗಳು ನೆನೆಯುವಂತೆ ನಿಧಾನವಾಗಿ ತೊಳೆದು, ಒಣನಾಡಿನ ಬಿಸಿಲಿನಲ್ಲೇ ಬಾಗಿಲು ತೆರೆದಿಟ್ಟು ಪೂರ್ತಿ ಒಣಗಿಸಬೇಕು. ಪಾವಗಡದ ಹವೆ ಈ ಕೆಲಸಕ್ಕೆ ಬಂದರಿನ ಹವೆಗಿಂತ ಎಷ್ಟೋ ಉತ್ತಮ. ಟೊಳ್ಳುಗಳ ಒಳಗೆ ಮೇಣ ಬೆರೆತ ರಕ್ಷಕ ಎಣ್ಣೆ ಸಿಂಪಡಿಸಬೇಕು. ಹೊಸದಾಗಿ ಬಣ್ಣ ಬಳಿಸಿದ್ದರೆ ಎರಡು ಮೂರು ತಿಂಗಳಾದರೂ ಕಾಯಬೇಕು. ಕಂಟೇನರಿಗೆ ಒಣಗಿದ ಮರವನ್ನೇ ಬಳಸಿ, ತನ್ನ ತೂಕಕ್ಕಿಂತ ಹೆಚ್ಚು ತೇವ ಹೀರಬಲ್ಲ ಕ್ಯಾಲ್ಸಿಯಂ ಕ್ಲೋರೈಡಿನ ಚೀಲಗಳನ್ನು, ಕರಗಿದ ದ್ರಾವಣ ಕಾರಿಗೆ ತಾಗದಂತೆ, ತೂಗುಹಾಕಬೇಕು.

ಹಾನಿಯಾದ ಮೇಲೆ ಇಡೀ ಕಾರಿನ ಬಣ್ಣ ಕೆರೆದು ಹೊಸದಾಗಿ ಬಳಿಯುವುದು ಸುಲಭವಾಗಿ ಹೊಳೆಯುವ ದಾರಿಯಾದರೂ ಯಾವಾಗಲೂ ಸರಿಯಾದುದಲ್ಲ. ಒಂದೇ ಪದರದ ಹಳೆಯ ಬಣ್ಣದ ಮಬ್ಬು ಮತ್ತು ಪುಡಿಯನ್ನು ನವಿರಾದ ಪಾಲಿಷಿನಿಂದ ತೆಗೆದು ಅಡಿಯ ಬಣ್ಣವನ್ನು ಮತ್ತೆ ಕಾಣಿಸಬಹುದು. ಲ್ಯಾಕರಿನ ಬಿಳಿಮಬ್ಬು ಒಣಹವೆಯಲ್ಲಿ ತಾನಾಗಿಯೇ ಕಡಿಮೆಯಾಗುವುದೂ ಉಂಟು. ತಗಡಿನವರೆಗೆ ಕೆರೆದು ಲವಣ ತೊಳೆಯುವ ಕೆಲಸ ಬೇಕಾಗುವುದು ತುಕ್ಕಿನಿಂದ ಎದ್ದ ಗುಳ್ಳೆಗಳಿಗೆ ಮಾತ್ರ, ಅದೂ ಆ ಜಾಗಕ್ಕೆ ಸೀಮಿತವಾಗಿ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳು ಐವತ್ತು ವರ್ಷ ದಾಟಿ ಮೂಲರೂಪದಲ್ಲಿ ಉಳಿದ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಲು ಅವಕಾಶ ಕೊಟ್ಟಿವೆ. ಶ್ರೀರಂಗಪಟ್ಟಣದ ‘ಪಯಣ’ದಂಥ ವಸ್ತುಸಂಗ್ರಹಾಲಯಗಳು ಇಂಥ ಕಾರುಗಳನ್ನು ಸಾರ್ವಜನಿಕರ ಮುಂದಿಟ್ಟಿವೆ. ಮೂಲ ಬಣ್ಣದ ಪದರವು ಆ ಕಾಲದ ರಸಾಯನಶಾಸ್ತ್ರದ ಮತ್ತು ಬಣ್ಣಗಾರರ ಕೈಕೆಲಸದ ನೇರ ದಾಖಲೆ. ಕೆರೆದುಹಾಕಿದರೆ ಅದನ್ನು ಮರಳಿ ಪಡೆಯುವ ವಿಧಾನ ಯಾವ ಪ್ರಯೋಗಾಲಯದಲ್ಲಿಯೂ ಇಲ್ಲ. ಆದ್ದರಿಂದ ಕಡಲು ದಾಟಲಿರುವ ಹಳೆಯ ಕಾರಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರವೆಂದರೆ, ಊರು ಬಿಡುವ ಮೊದಲೇ ಅದರ ಪದರಗಳನ್ನು ಅಳೆದು, ಲವಣವನ್ನು ತೊಳೆದು, ಬಿರುಕುಗಳನ್ನು ಗುರುತಿಸಿಟ್ಟುಕೊಳ್ಳುವುದು.